ಕೌಂಟರ್ ಮೇಲಿನ ಫೋನು

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. 17 ವರ್ಷ ಆಯ್ತು. ಜೆರಾಕ್ಸು, ಲ್ಯಾಮಿನೇಷನ್, ಬೈಂಡಿಂಗು, ಸ್ಕಾಲರ್‌ಶಿಪ್ ಅರ್ಜಿ, ರೆಸ್ಯೂಮೆ ಟೈಪಿಂಗ್ ಎಲ್ಲ ಮಾಡಿಕೊಡುತ್ತೇನೆ. ಈ ಕೆಲಸದಲ್ಲಿ ಜನರ ಕಾಗದ ಓದದೆ ಇರಲು ಆಗುವುದಿಲ್ಲ. ಯಾರ ಹೊಲದ ಮೇಲೆ ಎಷ್ಟು ಸಾಲ ಇದೆ, ಯಾರ ಮಗ ಯಾವ ವಿಷಯದಲ್ಲಿ ಫೇಲು, ಯಾವ ಅಣ್ಣತಮ್ಮಂದಿರ ಪಾಲು ಕೋರ್ಟಿಗೆ ಹೋಗಿದೆ, ಎಲ್ಲ ಕಣ್ಣಿಗೆ ಬೀಳುತ್ತದೆ. ಓದಿದ್ದನ್ನು ಅಲ್ಲೇ ಮರೆತುಬಿಡುವುದು ಈ ಕಸುಬಿನ ಮರ್ಯಾದೆ. ಆದರೆ ಒಂದು ಕಾಗದವನ್ನು ನನಗೆ ಮರೆಯಲು ಆಗಿಲ್ಲ.

ಎರಡು ವರ್ಷದ ಹಿಂದಿನ ಮಾತು. ಜೂನ್ ತಿಂಗಳು, ಹೊರಗೆ ಜಿಟಿಜಿಟಿ ಮಳೆ. ಬಿ.ಕಾಂ ಮುಗಿಸಿದ ಹುಡುಗಿಯೊಬ್ಬಳು ಬಂದಳು. ಪ್ಲಾಸ್ಟಿಕ್ ಕವರಿನೊಳಗೆ ಇನ್ನೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಕಾಗದಗಳು. ಒಂದು ಹನಿ ಕೂಡ ತಾಗದ ಹಾಗೆ ಜೋಪಾನವಾಗಿ ತಂದಿದ್ದಳು. ಮಾರ್ಕ್ಸ್ ಕಾರ್ಡು 3 ಕಾಪಿ, ಆಧಾರ್ 3 ಕಾಪಿ, ಜಾತಿ ಪ್ರಮಾಣಪತ್ರ 3 ಕಾಪಿ. ಆಮೇಲೆ ಒಂದು ರೆಸ್ಯೂಮೆ.

ಜಾತಿ ಪ್ರಮಾಣಪತ್ರವನ್ನು ಗಾಜಿನ ಮೇಲೆ ಬೋರಲು ಹಾಕುವಾಗ ಕಣ್ಣು ಆ ಸಾಲಿನ ಮೇಲೆ ಬಿತ್ತು. 'ಗಂಟಿಚೋರ್' ಎಂದಿತ್ತು. ಮುಚ್ಚಳ ಹಾಕಿದೆ. ಮಶೀನಿನ ಬೆಳಕು ಅತ್ತಿಂದಿತ್ತ ಓಡಿತು, ಒಂದೊಂದೇ ಕಾಪಿ ಬಿಸಿಬಿಸಿಯಾಗಿ ಹೊರಗೆ ಬಂತು. ಮೂರನೆಯದು ಬರುವಷ್ಟರಲ್ಲಿ ನನ್ನ ಎಡಗೈ ಕೌಂಟರ್ ಮೇಲಿದ್ದ ಫೋನನ್ನು ತೆಗೆದು ಡ್ರಾವರಿಗೆ ಹಾಕಿತ್ತು.

ಅವಳು ನೋಡಿದಳು. ಏನೂ ಅನ್ನಲಿಲ್ಲ. ಡ್ರಾವರ್ ಮುಚ್ಚಿದ ಸದ್ದಿಗೆ ಕಣ್ಣು ಒಮ್ಮೆ ಈ ಕಡೆ ಬಂದು ಮತ್ತೆ ಮಳೆಯ ಕಡೆ ಹೋಯಿತು. ಆಮೇಲೆ ತನ್ನ ಎರಡೂ ಕೈಗಳನ್ನು ಕೌಂಟರಿನ ಮೇಲೆ, ನನಗೆ ಚೆನ್ನಾಗಿ ಕಾಣುವ ಹಾಗೆ ಇಟ್ಟುಕೊಂಡು ನಿಂತಳು. ಯಾರೂ ಹೇಳದೆ, ಕೇಳದೆ. ಎಷ್ಟು ಅಂಗಡಿಗಳಲ್ಲಿ ನಿಂತು ಕಲಿತ ಅಭ್ಯಾಸವೋ ಅದು. 21-22 ವರ್ಷದ ಹುಡುಗಿಯ ಕೈ.

ನಾನು ಯೋಚನೆ ಮಾಡಿ ಹಾಗೆ ಮಾಡಲಿಲ್ಲ. ತಪ್ಪಿಸಿಕೊಳ್ಳಲು ಈ ಮಾತು ಹೇಳುತ್ತಿಲ್ಲ. ಯೋಚನೆ ಮಾಡಿ ಮಾಡಿದ್ದರೆ ಆ ಯೋಚನೆಯನ್ನು ತಿದ್ದಿಕೊಳ್ಳಬಹುದಿತ್ತು. ತಲೆಗೆ ಗೊತ್ತಾಗುವ ಮೊದಲೇ ಕೈಗೆ ಗೊತ್ತಿತ್ತಲ್ಲ, ಅದು ನನಗೆ ಭಯ ಹುಟ್ಟಿಸಿತು. ಒಂದೇ ಒಂದು ಪದ ಓದಿದ್ದೆ, ಅಷ್ಟೇ. ಅವಳ ಮುಖವನ್ನು ಇನ್ನೂ ಸರಿಯಾಗಿ ನೋಡಿರಲೂ ಇಲ್ಲ.

ರೆಸ್ಯೂಮೆ ಟೈಪ್ ಮಾಡಲು ಕೂತೆ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಆಯಿತು. ವಿಳಾಸಕ್ಕೆ ಬಂದಾಗ ಅವಳು 'ಸೆಟ್ಲ್‌ಮೆಂಟ್' ಎಂದಳು. ಹುಬ್ಬಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳಬೇಕು. ಅದು ನಮ್ಮ ಊರಿನ ಒಂದು ಬಡಾವಣೆ. ಬ್ರಿಟಿಷರ ಕಾಲದಲ್ಲಿ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರು ಎನ್ನುವ ಒಂದು ಕಾಯ್ದೆಯ ಹೆಸರಿನಲ್ಲಿ ತಂದು ಕೂಡಿಹಾಕಿದ ಜಾಗ. ಗದಗ-ಬೆಟಗೇರಿಯಲ್ಲಿ, ವಿಜಯಪುರದಲ್ಲಿ, ಪಕ್ಕದ ಸೊಲ್ಲಾಪುರದಲ್ಲೂ ಇಂಥ ಸೆಟ್ಲ್‌ಮೆಂಟುಗಳಿದ್ದವು. ಕಾಯ್ದೆ ಹೋಗಿ 70 ವರ್ಷ ಆದರೂ ಜಾಗಕ್ಕೆ ಹೆಸರು ಅಂಟಿಕೊಂಡೇ ಇದೆ. ನಾನು ಚಿಕ್ಕವನಿದ್ದಾಗ ಸಂಜೆ ಆಟಕ್ಕೆ ಹೊರಟರೆ ಅವ್ವ ಹೇಳುತ್ತಿದ್ದುದು ಒಂದೇ ಮಾತು: "ಸೆಟ್ಲ್‌ಮೆಂಟ್ ಕಡೆ ಹೋಗಬ್ಯಾಡ." ಯಾಕೆ ಅಂತ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಡ್ರಾವರಿನ ನಾಚಿಕೆ ಇನ್ನೂ ಹಸಿಯಾಗಿತ್ತು. ಅವಳಿಗೆ ಏನಾದರೂ ಒಳ್ಳೆಯದು ಮಾಡಬೇಕು ಅನ್ನಿಸಿತು. "ಇದರ ಬದಲಿ ಬಾಜೂಕಿನ ಬಡಾವಣೆ ಹೆಸರು ಹಾಕೋಣೇನು? ಪಿನ್‌ಕೋಡ್ ಅದೇ ಇರ್ತದ, ಯಾರಿಗೂ ಗೊತ್ತಾಗೂದಿಲ್ಲ" ಎಂದೆ.

"ಬ್ಯಾಡ್ರಿ" ಎಂದಳು. "ನಮ್ಮಪ್ಪ ಹಂಗ ಬರದ ಕೆಲಸಕ್ಕ ಸೇರಿದ್ರು. ಗೊತ್ತಾದ ದಿನಾ ತೆಗದ್ರು. ಸುಳ್ಳು ಹೇಳ್ಯಾನ ಅಂತ ಕಾರಣ ಕೊಟ್ರು. ಇದ್ದದ್ದ ಹಾಕ್ರಿ."

ಇದ್ದದ್ದನ್ನೇ ಹಾಕಿದೆ.

ನಮ್ಮ ಅಂಗಡಿಗೆ ವಿದ್ಯಾರ್ಥಿಗಳು ಪಿಎಚ್‌ಡಿ ಪ್ರಬಂಧಗಳನ್ನು ಬೈಂಡಿಂಗಿಗೆ ತರುತ್ತಾರೆ. ಅದರಲ್ಲಿ ಈ ಸೆಟ್ಲ್‌ಮೆಂಟುಗಳ ವಿಷಯದ್ದೂ ಇರುತ್ತವೆ. ಎಷ್ಟೋ ಸಲ ಅವುಗಳ ಅಂಚು ಕತ್ತರಿಸಿ, ಗೋಂದು ಹಚ್ಚಿ, ರಟ್ಟು ಹಾಕಿ ಕಳಿಸಿದ್ದೇನೆ. ಒಂದು ಪುಟ ಓದಿರಲಿಲ್ಲ. ಆ ಮಳೆಗಾಲದಲ್ಲಿ ಓದಲು ಶುರು ಮಾಡಿದೆ. ಕೇಳಿದಾಗ ವಿದ್ಯಾರ್ಥಿಗಳೂ ಪ್ರೀತಿಯಿಂದ ಕೊಟ್ಟರು.

1871ರಲ್ಲಿ ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್, ಅಂದರೆ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಮೊದಲು ಉತ್ತರ ಭಾರತಕ್ಕೆ ಇತ್ತು. 1911ರಲ್ಲಿ ನಮ್ಮ ಕಡೆಗೂ ಬಂತು, 1924ರಲ್ಲಿ ಇನ್ನೊಮ್ಮೆ ಹೊಸದಾಗಿ ಬರೆದರು. ಈ ಕಾಯ್ದೆ ತಂದವರ ವಾದ ಕೇಳಿದರೆ ಬಹಳ ಸರಳ ಅನ್ನಿಸುತ್ತದೆ. ಈ ದೇಶದಲ್ಲಿ ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ. ಹಾಗಿದ್ದರೆ ಕಳ್ಳನ ಮಗ ಕಳ್ಳನೇ ಇರಬೇಕು, ಕಳ್ಳತನವೂ ಒಂದು ಕುಲಕಸುಬೇ ಇರಬೇಕು. ನಮ್ಮ ಜಾತಿ ಲೆಕ್ಕಾಚಾರವನ್ನೇ ತೆಗೆದುಕೊಂಡು ಅದಕ್ಕೆ ಸರ್ಕಾರಿ ಮೊಹರು ಹೊಡೆದರು. ಹಾಗಾಗಿಯೇ ನಮ್ಮ ಊರುಗಳಲ್ಲಿ ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಕ್ಕಿಲ್ಲ.

ಸರ್ಕಾರ ಗೆಜೆಟಿನಲ್ಲಿ ಒಂದು ಸಮುದಾಯದ ಹೆಸರು ಹಾಕಿದರೆ ಮುಗಿಯಿತು. ಅದನ್ನು ಕೋರ್ಟಿನಲ್ಲಿ ಪ್ರಶ್ನೆ ಮಾಡುವ ಹಾಗಿರಲಿಲ್ಲ. ಹೆಸರುಗಳನ್ನು ರಿಜಿಸ್ಟರಿಗೆ ಬರೆದುಕೊಳ್ಳುತ್ತಿದ್ದರು. ಬೆರಳೊತ್ತು ತೆಗೆದುಕೊಳ್ಳುತ್ತಿದ್ದರು. ಹೊತ್ತು ಹೊತ್ತಿಗೆ ಹಾಜರಿ ಕೊಡಬೇಕು. ಊರು ಬಿಟ್ಟು ಹೋಗಬೇಕಾದರೆ ಪಾಸ್ ಬೇಕು. ರಿಜಿಸ್ಟರಿನಲ್ಲಿ ಇರುವವನು ಎಲ್ಲಾದರೂ ಅನುಮಾನ ಬರುವ ಹಾಗೆ ಕಂಡರೆ, ಕಳ್ಳತನಕ್ಕೆ ಹೊರಟಿದ್ದ ಎಂದು ಕೋರ್ಟಿಗೆ ಅನ್ನಿಸಿದರೆ ಸಾಕು, 3 ವರ್ಷದ ತನಕ ಜೈಲು. ಕದ್ದಿರಬೇಕು ಅಂತಲೂ ಇಲ್ಲ. ಮಕ್ಕಳನ್ನು ತಂದೆ-ತಾಯಿಯಿಂದ ಬಿಡಿಸಿ ಬೇರೆ ಇಡುವುದಕ್ಕೂ ಕಾಯ್ದೆಯಲ್ಲಿ ಜಾಗ ಇತ್ತು. ಈ ಸಾಲನ್ನು ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ.

ಯಾರು ಈ ಜನ? ಅವರ ಹೆಸರುಗಳೇ ಬೇರೆ ಕಥೆ ಹೇಳುತ್ತವೆ. ವಿಜಯಪುರ ಭಾಗದಲ್ಲಿ ಛಪ್ಪರ್‌ಬಂದ್ ಎಂಬ ಸಮುದಾಯ ಇದೆ. ಛಪ್ಪರ ಅಂದರೆ ಚಪ್ಪರವೇ, ಹುಲ್ಲಿನ ಮಾಡು ಕಟ್ಟುವವರು ಎಂದು ಅರ್ಥ. ಪೊಲೀಸರ ಪುಸ್ತಕದಲ್ಲಿ ಅವರು ಖೊಟ್ಟಿ ನಾಣ್ಯ ಮಾಡುವವರು, ಅಷ್ಟೇ. ಕೊರಮರು, ಕೊರಚರು ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ತರುತ್ತಿದ್ದವರು. ವಾಪಸ್ ಹೋಗುವಾಗ ಕಾಳು ಒಯ್ಯುತ್ತಿದ್ದರು. ಲಂಬಾಣಿಗರು ದಂಡಿಗೆ ದಂಡೇ ಧಾನ್ಯ ಸಾಗಿಸುತ್ತಿದ್ದರು, ರಾಜರ ಸೈನ್ಯಗಳು ಅವರನ್ನು ನಂಬಿಕೊಂಡಿದ್ದವು. ಆಮೇಲೆ ಉಪ್ಪಿನ ವ್ಯಾಪಾರ ಸರ್ಕಾರದ ಹಿಡಿತಕ್ಕೆ ಹೋಯಿತು. ರೈಲು ಬಂತು. ಎತ್ತಿನ ಬೆನ್ನಿನ ವ್ಯಾಪಾರ ಬಿತ್ತು. ದುಡಿಮೆ ಹೋದರೂ ನಡೆಯುವ ಅಭ್ಯಾಸ ಉಳಿಯಿತು. ಮನೆ ಇಲ್ಲದೆ, ಹೊಲ ಇಲ್ಲದೆ, ಹೆಂಡತಿ ಮಕ್ಕಳು ಎತ್ತು ಕತ್ತೆಗಳ ಜೊತೆ ಊರಿಂದ ಊರಿಗೆ ನಡೆಯುವ ಜನರನ್ನು ಕಂಡರೆ ಕಂದಾಯ ವಸೂಲಿ ಮಾಡುವ ಸರ್ಕಾರಕ್ಕೆ ಅನುಮಾನ. ಇವರನ್ನು ಯಾವ ಪುಸ್ತಕದಲ್ಲಿ ಬರೆಯುವುದು? ಕೊನೆಗೆ ಕಳ್ಳರ ಪುಸ್ತಕದಲ್ಲಿ ಬರೆದರು.

ಅವರಲ್ಲಿ ಯಾರೂ ಕದಿಯುತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಅದೂ ಇನ್ನೊಂದು ಚೀಟಿ ಅಂಟಿಸಿದ ಹಾಗೆ. ಹೊಟ್ಟೆಗಿಲ್ಲದೆ ಕದ್ದವರು ಇದ್ದರು, ದುರಾಸೆಗೆ ಕದ್ದವರೂ ಇದ್ದಿರಬಹುದು. ಎಲ್ಲ ಜಾತಿಯಲ್ಲೂ ಇದ್ದ ಹಾಗೆ. ಆದರೆ ಒಂದು ಊರಿನಲ್ಲಿ ಕಳ್ಳತನ ಆದಾಗ ಮೊದಲು ಯಾರ ಗುಡಿಸಲು ಹುಡುಕುತ್ತಾರೋ, ಅಲ್ಲೇ ಏನಾದರೂ ಸಿಗುವುದು ಜಾಸ್ತಿ. ಗೌಡರ ಅಟ್ಟ, ಸಾಹುಕಾರರ ಕಪಾಟು ಯಾರೂ ಹುಡುಕಲಿಲ್ಲ, ಅಲ್ಲಿ ಏನೂ ಸಿಗಲಿಲ್ಲ. ಸಿಕ್ಕಿದ್ದನ್ನು ರಿಜಿಸ್ಟರಿಗೆ ಬರೆದರು. ಮುಂದಿನ ಸಲ ರಿಜಿಸ್ಟರ್ ನೋಡಿ ಮತ್ತೆ ಅಲ್ಲಿಗೇ ಹೋದರು. ಹೀಗೆ 80 ವರ್ಷ ಬರೆದ ಮೇಲೆ ಆ ಪುಸ್ತಕವೇ ಸಾಕ್ಷಿಯಾಯಿತು.

ನನ್ನ ಅಂಗಡಿಯ ಲೆಕ್ಕವನ್ನೇ ತೆಗೆದುಕೊಳ್ಳುತ್ತೇನೆ. 17 ವರ್ಷದಲ್ಲಿ ನನಗೆ ಮೋಸ ಮಾಡಿದವರು ಯಾರು ಎಂದು ಒಂದು ರಾತ್ರಿ ಕೂತು ನೆನಪು ಮಾಡಿಕೊಂಡೆ. ದೊಡ್ಡ ಮೊತ್ತ ಮುಳುಗಿಸಿದ್ದು ಒಬ್ಬ ಗುತ್ತಿಗೆದಾರ. ಟೆಂಡರ್ ಕಾಗದಗಳನ್ನು ರಾತ್ರಿ ಕೂತು ಮಾಡಿಸಿಕೊಂಡು 3,400 ರೂಪಾಯಿ ಕೊಡದೆ ಹೋದ. ಬಂದಾಗಲೆಲ್ಲ ನಾನು ಎದ್ದು ಕುರ್ಚಿ ಕೊಡುತ್ತಿದ್ದೆ. ಸ್ಟೇಪ್ಲರ್, ಪೆನ್ನು, ಒಮ್ಮೆ ಒಂದು ಪೆನ್‌ಡ್ರೈವ್ ಹೋಗಿದ್ದುಂಟು, ಯಾರೆಂದು ಗೊತ್ತಿಲ್ಲ. ಆ ಗುತ್ತಿಗೆದಾರ ನನ್ನದೇ ಜಾತಿಯವನು. ಅವನು ಹಣ ಕೊಡದಿದ್ದಾಗ ನಾನು ಅವನ ಹೆಸರು ಹಿಡಿದು ಬೈದೆ. ನಮ್ಮ ಜಾತಿಯ ಹೆಸರು ಹಿಡಿದು ಬೈಯಲಿಲ್ಲ. ಅದು ತಲೆಗೆ ಬರಲೇ ಇಲ್ಲ. ನಮ್ಮವನು ತಪ್ಪು ಮಾಡಿದರೆ ಅದು ಅವನೊಬ್ಬನ ತಪ್ಪು. ಅವರವನು ಮಾಡಿದರೆ "ಆ ಮಂದೀನ ಹಂಗ." ಈ ಎರಡು ತಕ್ಕಡಿ ನಮ್ಮ ಎಲ್ಲರ ಮನೆಯಲ್ಲೂ ಇವೆ.

ನನ್ನ ತಮ್ಮ ಬೆಂಗಳೂರಿನಲ್ಲಿದ್ದಾನೆ. ಆಫೀಸಿನಲ್ಲಿ ಇವನು ಬಾಯಿ ಬಿಟ್ಟರೆ ಸಾಕು, "ಹುಬ್ಬಳ್ಳಿಯವರು ಅಂದ್ರೆ ಜಗಳ ಆಡೋ ತರ ಮಾತಾಡ್ತೀರಿ ಅಲ್ವಾ" ಅನ್ನುತ್ತಾರಂತೆ. ಹಬ್ಬಕ್ಕೆ ಬಂದಾಗಲೆಲ್ಲ ಇದನ್ನು ಹೇಳಿ ಸಿಟ್ಟಾಗುತ್ತಾನೆ. ಅವನ ಸಿಟ್ಟು ನ್ಯಾಯವಾದದ್ದೇ. ನಾನು ಈ ಹುಡುಗಿಯ ಮಾತು ಹೇಳಿದಾಗ ಅವನೇ ಅಂದ: "ಎಲ್ಲಾರೂ ಹಂಗ ಇರೂದಿಲ್ಲ ಬಿಡು, ಒಳ್ಳೇವ್ರೂ ಇರ್ತಾರ."

ಈ ಮಾತನ್ನು ನಾನೂ ಎಷ್ಟೋ ಸಲ ಆಡಿದ್ದೇನೆ. ಆಡುವಾಗ ದೊಡ್ಡ ಮನಸ್ಸು ಮಾಡಿದ ಹಾಗೆ ಅನ್ನಿಸುತ್ತದೆ. ಈಗ ಕೇಳಿದರೆ ಕಿವಿ ಚುರುಗುಟ್ಟುತ್ತದೆ. "ಒಳ್ಳೇವ್ರೂ ಇರ್ತಾರ" ಅನ್ನುವಾಗ ಸಮುದಾಯದ ಮೇಲಿನ ಗುಮಾನಿಯನ್ನು ಹಾಗೇ ಇಟ್ಟುಕೊಂಡು ಒಬ್ಬರಿಗೆ ಮಾತ್ರ ರಜೆ ಕೊಟ್ಟಿರುತ್ತೇವೆ. ಸೆಟ್ಲ್‌ಮೆಂಟಿನ ಗೇಟಿನಲ್ಲಿ ಕೊಡುತ್ತಿದ್ದ ಪಾಸ್ ಕೂಡ ಅದೇ ತಾನೆ? ಇವತ್ತು ನೀನು ಹೊರಗೆ ಹೋಗಬಹುದು, ಸಂಜೆ ಹಾಜರಿಗೆ ಬರಬೇಕು. ಆ ಹುಡುಗಿಗೆ ಬೇರೆ ವಿಳಾಸ ಹಾಕೋಣ ಎಂದಾಗ ನಾನು ಕೊಡಲು ಹೋದದ್ದೂ ಅಂಥದ್ದೇ ಒಂದು ಪಾಸ್.

ಓದುತ್ತಾ ಹೋದಂತೆ ನನಗೆ ಬ್ರಿಟಿಷರ ಮೇಲೆ ಸಿಟ್ಟು ಏರುತ್ತಿತ್ತು. ಎಲ್ಲ ಅವರೇ ಮಾಡಿದ್ದು ಎಂದು ಮುಗಿಸಿಬಿಡುವುದು ಸುಲಭವಾಗಿ ಕಂಡಿತು. ಆಗ ಸ್ಟಾರ್ಟೆ ಎಂಬ ಅಧಿಕಾರಿಯ ಹೆಸರು ಎದುರಾಯಿತು. ಐಸಿಎಸ್ ಅಧಿಕಾರಿ, ಈಗಿನ ಐಎಎಸ್ ಇದ್ದ ಹಾಗೆ. ವಿಜಯಪುರದಲ್ಲಿ ಈ ಜನರನ್ನು ಒಂದು ಕಡೆ ನೆಲೆ ನಿಲ್ಲಿಸುವ ಕೆಲಸ ಶುರು ಮಾಡಿದವರು, ಆಮೇಲೆ ಇಡೀ ಮುಂಬೈ ಪ್ರಾಂತ್ಯದ ಸೆಟ್ಲ್‌ಮೆಂಟುಗಳ ಅಧಿಕಾರಿಯಾದರು. ಹುಬ್ಬಳ್ಳಿ ಆಗ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಬೇಲಿ, ಹಾಜರಿ, ಪಾಸ್ ಎಲ್ಲ ಅವರ ಕೈಕೆಳಗೇ ನಡೆದವು. ಶಾಲೆ ತೆರೆದದ್ದು, ಗಿರಣಿ ಮತ್ತು ರೈಲ್ವೆ ವರ್ಕ್‌ಶಾಪಿನಂಥ ಕಡೆ ಕೂಲಿ ಕೆಲಸ ಕೊಡಿಸಿದ್ದು ಕೂಡ ಇದೇ ವ್ಯವಸ್ಥೆಯಲ್ಲಿ. ದಲಿತರು ಮತ್ತು ಆದಿವಾಸಿಗಳ ಸ್ಥಿತಿಗತಿ ನೋಡಲು ಮುಂಬೈ ಸರ್ಕಾರ ಮಾಡಿದ, 1930ರಲ್ಲಿ ವರದಿ ಕೊಟ್ಟ ಸಮಿತಿಗೂ ಇವರೇ ಅಧ್ಯಕ್ಷರು. ಅದರಲ್ಲಿ ಡಾ. ಅಂಬೇಡ್ಕರ್ ಸದಸ್ಯರಾಗಿದ್ದರು, ಆದಿವಾಸಿಗಳ ನಡುವೆ ಕೆಲಸ ಮಾಡಿದ ಗಾಂಧಿವಾದಿ ಠಕ್ಕರ್ ಬಾಪಾ ಕೂಡ.

ಈ ಮನುಷ್ಯನನ್ನು ಯಾವ ಖಾನೆಗೆ ಹಾಕಲಿ? ಕ್ರೂರಿ ಅನ್ನಲು ಮನಸ್ಸು ಒಪ್ಪುವುದಿಲ್ಲ. ಉಪಕಾರಿ ಅಂದರೆ ಬೇಲಿಯ ಒಳಗೆ ಹುಟ್ಟಿದ ಮಕ್ಕಳ ಮುಖ ಎದುರು ಬರುತ್ತದೆ. ತಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ಅವರು ನಂಬಿದ್ದರು ಅನ್ನಿಸುತ್ತದೆ. ಈ ಜನ ಕಳ್ಳರು ಎಂಬ ಮೊದಲ ಸಾಲನ್ನು ಮುಟ್ಟದೆ, ಉಳಿದ ಎಲ್ಲವನ್ನೂ ಸುಧಾರಿಸಲು ಹೋದರು. ಇದನ್ನು ಬರೆಯುವಾಗ ನನ್ನ ಪಿನ್‌ಕೋಡಿನ ಸಲಹೆ ನೆನಪಾಗಿ ಎದೆ ಭಾರವಾಗುತ್ತದೆ.

1952ರ ಆಗಸ್ಟ್ 31ರಂದು ಈ ಕಾಯ್ದೆ ಇಡೀ ದೇಶದಲ್ಲಿ ರದ್ದಾಯಿತು. ಈಗಲೂ ಆ ದಿನವನ್ನು ವಿಮುಕ್ತ ದಿನ ಎಂದು ಆಚರಿಸುತ್ತಾರೆ. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ, ಇವರಿಗೆ ಇನ್ನೂ 5 ವರ್ಷ ಕಾಯಬೇಕಾಯಿತು. ಅದಾದ ಮೇಲೆ ರೂಢಿಗತ ಅಪರಾಧಿಗಳ, ಅಂದರೆ ಮತ್ತೆ ಮತ್ತೆ ಅಪರಾಧ ಮಾಡುವವರ ಮೇಲೆ ಕಣ್ಣಿಡುವ ಕಾನೂನುಗಳು ಬಂದವು. ಹೊಸ ಕಾನೂನಿನಲ್ಲಿ ಜಾತಿಯ ಹೆಸರಿಲ್ಲ. ಆದರೆ ಠಾಣೆಯಲ್ಲಿ ಕೂತವರಿಗೆ ಹಳೆಯ ಹೆಸರುಗಳು ಬಾಯಿಪಾಠ ಆಗಿದ್ದವು. 1998ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಬುಧನ್ ಶಬರ್ ಎಂಬ ಯುವಕ ಬಂಧನದಲ್ಲಿದ್ದಾಗಲೇ ತೀರಿಕೊಂಡ. ಆತ ಇಂಥದ್ದೇ ಒಂದು ಸಮುದಾಯದವನು. ಬಂಗಾಳಿ ಲೇಖಕಿ ಮಹಾಶ್ವೇತಾ ದೇವಿ ಆ ಸಾವಿನ ಬೆನ್ನು ಹತ್ತಿ ನ್ಯಾಯಾಲಯದ ತನಕ ಹೋದರು. ಅವರ ಜೊತೆ ವಿಮುಕ್ತ ಸಮುದಾಯಗಳ ಹಕ್ಕಿಗಾಗಿ ನಿಂತ ಭಾಷಾತಜ್ಞ ಗಣೇಶ್ ದೇವಿ ಆಮೇಲೆ ನಮ್ಮ ಧಾರವಾಡಕ್ಕೇ ಬಂದು ನೆಲೆಸಿದರು.

ತೀರಾ ಈಚಿನದು 2024ರ ಅಕ್ಟೋಬರ್ 3ರ ಸುಪ್ರೀಂ ಕೋರ್ಟ್ ತೀರ್ಪು. ಜೈಲಿನ ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳಿದ್ದವು, ಅಲೆಮಾರಿ ಬುಡಕಟ್ಟಿನವರನ್ನು ಹುಟ್ಟು ಅಪರಾಧಿಗಳ ಹಾಗೆ ಕಾಣುವ ಸಾಲುಗಳೂ ಇದ್ದವು. ಅವನ್ನೆಲ್ಲ ಕೋರ್ಟು ತೆಗೆದುಹಾಕಿತು. ಜೈಲಿನ ರಿಜಿಸ್ಟರುಗಳಿಂದ ಜಾತಿಯ ಕಾಲಂ ತೆಗೆಯಬೇಕು ಎಂದೂ ಹೇಳಿತು. 1952ರಿಂದ 2024. ಪುಸ್ತಕದಿಂದ ಒಂದು ಸಾಲು ಹೊಡೆದುಹಾಕಲು 72 ವರ್ಷ.

'ಗಂಟಿಚೋರ್' ಎಂಬ ಹೆಸರು ಮಾತ್ರ ಪಟ್ಟಿಯಲ್ಲಿದೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಆ ಹೆಸರಿನಿಂದಲೇ ಇದೆ. ಆ ಹುಡುಗಿ ತನಗೆ ಸಿಗಬೇಕಾದ ಹಕ್ಕು ಕೇಳಬೇಕೆಂದರೆ ಮೊದಲು 'ನಾನು ಗಂಟುಕಳ್ಳಿ' ಎಂದು ಹೇಳುವ ಕಾಗದವನ್ನು, ಅದೂ ಅಧಿಕಾರಿಯ ಸಹಿ ಇರುವುದನ್ನು, ಮುಂದೆ ಚಾಚಬೇಕು. ಶಾಲೆಗೆ ಸೇರುವಾಗ ಚಾಚಿರುತ್ತಾಳೆ. ಹಾಸ್ಟೆಲಿಗೆ, ಸ್ಕಾಲರ್‌ಶಿಪ್ಪಿಗೆ, ಕಾಲೇಜಿಗೆ. ಪ್ರತಿ ಸಲ ಕೌಂಟರಿನ ಆ ಕಡೆ ಕೂತವರ ಕಣ್ಣು ಆ ಸಾಲಿನ ಮೇಲೆ ನಿಂತಿರುತ್ತದೆ. ಎಷ್ಟು ಡ್ರಾವರುಗಳು ಮುಚ್ಚಿದ ಸದ್ದು ಅವಳು ಕೇಳಿರಬಹುದು?

ಅದೇ ವರ್ಷ ದೀಪಾವಳಿ ಮುಗಿದ ಮೇಲೆ ಅವಳು ಮತ್ತೆ ಬಂದಳು. ಜೊತೆಗೆ ಅವಳ ಅಜ್ಜಿ. 80 ದಾಟಿರಬೇಕು. ಸಣ್ಣ ದೇಹ, ದೊಡ್ಡ ಕುಂಕುಮ, ಕೈಯಲ್ಲೊಂದು ಕೋಲು. ಪಿಂಚಣಿ ನಿಂತುಹೋಗಿತ್ತು, ಆಧಾರ್ ಬೆರಳಚ್ಚು ಹೊಂದಿಸಿ ಮತ್ತೆ ಶುರು ಮಾಡಿಸಬೇಕಿತ್ತು. ಫೋನು ಕೌಂಟರ್ ಮೇಲೆಯೇ ಇತ್ತು. ನಾನು ಅದನ್ನು ಮುಟ್ಟಲಿಲ್ಲ. ಮುಟ್ಟಬಾರದು ಎಂದು ನೆನಪು ಮಾಡಿಕೊಳ್ಳಬೇಕಾಯಿತು, ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಬೆರಳಿಡುವ ಸಣ್ಣ ಮಶೀನನ್ನು ಮುಂದಕ್ಕೆ ಸರಿಸಿದೆ. ಅಜ್ಜಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಮತ್ತ ಬೆರಳೇನ?" ಎಂದಳು.

ಮೊಮ್ಮಗಳು ಕಿವಿಯ ಹತ್ತಿರ ಬಾಗಿ ಪಿಂಚಣಿ ವಿಷಯ ಹೇಳಿದಳು. ಅಜ್ಜಿ ನನ್ನ ಕಡೆ ತಿರುಗಿದಳು. "ನಮ್ಮಪ್ಪ ದಿನಾ ಹಾಜರಿಗೆ ಹೋಗ್ತಿದ್ದ ತಮ್ಮಾ. ನಾ ಸಣ್ಣಾಕಿ. ಒಂದಿನ ಹತ್ತೂ ಬೆರಳು ಕರೀ ಮಾಡ್ಕೊಂಡ ಬಂದ. ರೊಟ್ಟಿ ಮುರಿಯಾಕ ಕೊಡಲಿಲ್ಲ ಅವ್ವ, ಮೊದಲ ತೊಳಕೊಂಡ ಬಾ ಅಂದ್ಲು. ಹೋಗಲಿಲ್ಲ ಅದು. ಗ್ವಾಡಿಗೆ ತಿಕ್ಕಿದ, ಧೋತರಕ್ಕ ತಿಕ್ಕಿದ."

ನಾನು ಏನು ಹೇಳಲಿ? ಸುಮ್ನೆ ಕೂತೆ. ಹಿಂದೆ ಇಬ್ಬರು ಕಾಯುತ್ತಿದ್ದರು, ಅವರಿಗೆ ಸ್ವಲ್ಪ ತಡೆಯಿರಿ ಎಂದೆ.

"ಇದು ಪೊಲೀಸರ ಕಡೆ ಹೋಗೂದಿಲ್ಲಲ್ಲ?"

"ಇಲ್ಲಮ್ಮ. ಪಿಂಚಣಿಗೆ ಅಷ್ಟ."

ಅಜ್ಜಿ ಹೆಬ್ಬೆರಳು ಇಟ್ಟಳು. ಮಶೀನು ಒಪ್ಪಲಿಲ್ಲ. ದುಡಿದು ದುಡಿದು ಬೆರಳಿನ ಗೆರೆಗಳೆಲ್ಲ ಸವೆದಿದ್ದವು. ಮೊಮ್ಮಗಳು ಅಜ್ಜಿಯ ಬೆರಳನ್ನು ತನ್ನ ದುಪಟ್ಟಾದಿಂದ ಒರೆಸಿ, ಒತ್ತಿ ಹಿಡಿದಳು. ಎರಡನೇ ಸಲವೂ ಕೆಂಪು ದೀಪ. ಮೂರನೇ ಸಲವೂ. ತೋರುಬೆರಳು ಇಡಿಸಿದೆವು. ಆಗ ಹಸಿರು ಬಂತು.

ಮಶೀನಿನಲ್ಲಿ ಮಸಿ ಇರುವುದಿಲ್ಲ. ಆದರೂ ಅಜ್ಜಿ ಆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ಇನ್ನೊಮ್ಮೆ ಒರೆಸಿಕೊಂಡಳು.